ಸೋಫಾ ಕುಶನ್‌ಗೆ ಯಾವ ಫೋಮ್? ದಿನವೂ ಕುಳಿತು ನೋಡಿದ ಮೇಲಿನ ಹೋಲಿಕೆ

ಹೊಸ ಫೋಮ್ ಯಾವುದೇ ಆಗಿರಲಿ, ಮೊದಲ ಕೆಲವು ವಾರ ಹಿತವಾಗಿಯೇ ಇರುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಫೋಮಿನ ಗುಣ ಗೊತ್ತಾಗುವುದು ಇಡೀ ದೇಹದ ಭಾರ ದಿನಾ ಅದರ ಮೇಲೆ ಬಿದ್ದಾಗ. ಹಾಗಾಗಿ ಅಳತೆ, ಹೊದಿಕೆಯ ಬಟ್ಟೆ, ಕೆಳಗಿನ ಹಲಗೆ ಎಲ್ಲವನ್ನೂ ಒಂದೇ ರೀತಿ ಇಟ್ಟು, ಆಸನಗಳಿಗೆ ಮಾತ್ರ ಬೇರೆ ಬೇರೆ ಫೋಮ್ ಹಾಕಿಸಿ ಮನೆಮಂದಿಯ ನಿತ್ಯದ ಬಳಕೆಗೆ ಬಿಟ್ಟೆ. ಸಾಮಾನ್ಯ ಪಾಲಿಯೂರಿಥೇನ್ ಫೋಮ್, ಎಚ್‌ಆರ್ (ಹೈ ರೆಸಿಲಿಯನ್ಸ್, ಅಂದರೆ ಹೆಚ್ಚು ಪುಟಿಯುವ) ಫೋಮ್, ರಿಬಾಂಡೆಡ್ ಫೋಮ್, ಲೇಟೆಕ್ಸ್ (ರಬ್ಬರ್ ಫೋಮ್), ಮೆಮೊರಿ ಫೋಮ್ ಎಲ್ಲವೂ ಸರದಿಯಲ್ಲಿದ್ದವು.

ಮೊದಲೇ ಒಂದು ಗೊಂದಲ ಬಗೆಹರಿಯಬೇಕು. ಸಾಂದ್ರತೆ ಬೇರೆ, ಗಡಸುತನ ಬೇರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು ಸಾಂದ್ರತೆ. ಅದನ್ನು ಅದರ ದಪ್ಪದ ಶೇ 25ರಷ್ಟು ಅದುಮಲು ಎಷ್ಟು ಬಲ ಬೇಕು ಎಂಬುದು ಗಡಸುತನ. 40ರ ಸಾಂದ್ರತೆಯ ಫೋಮ್ ಬಹಳ ಮೆದುವಾಗಿರಬಹುದು, 18ರದ್ದು ಗಟ್ಟಿಯಾಗಿಯೂ ಇರಬಹುದು. ಕುಶನ್ ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಸಾಂದ್ರತೆಯ ಮೇಲೆ ನಿಂತಿದೆ. ಕುಳಿತಾಗ ಹೇಗನಿಸುತ್ತದೆ ಎಂಬುದು ಗಡಸುತನದ ಮೇಲೆ. ‘ಗಟ್ಟಿ ಇದೆ, ಬಾಳಿಕೆ ಬರುತ್ತದೆ’ ಎಂಬ ಮಾರಾಟಗಾರರ ಮಾತು ಈ ಎರಡನ್ನೂ ಕಲಸಿಬಿಡುತ್ತದೆ.

ಸಾಂದ್ರತೆಯನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ, ತಕ್ಕಡಿ ಸಾಕು. 50 ಸೆಂ.ಮೀ. ಚದರದ, 10 ಸೆಂ.ಮೀ. ದಪ್ಪದ ತುಂಡು 0.025 ಘನ ಮೀಟರ್ ಆಗುತ್ತದೆ. ಅದು 32ರ ಸಾಂದ್ರತೆಯದ್ದಾದರೆ 800 ಗ್ರಾಂ, 40ರದ್ದಾದರೆ ಸರಿಯಾಗಿ ಒಂದು ಕಿಲೋ ತೂಗಬೇಕು. 40 ಎಂದು ಕೊಟ್ಟದ್ದು 700 ಗ್ರಾಂ ತೂಗಿದರೆ ಮಾತು ಅಲ್ಲಿಗೇ ಮುಗಿಯಿತು. ತೂಕ ಸರಿ ಬಂದರೂ ಒಂದು ಎಚ್ಚರ ಬೇಕು: ಸುಣ್ಣದ ಪುಡಿಯಂಥ ಭರ್ತಿ ಪದಾರ್ಥ ಬೆರೆಸಿ ತೂಕ ಹೆಚ್ಚಿಸಿದ ಫೋಮ್ ಕೂಡ ಇರುತ್ತದೆ. ಅಂಥದ್ದರ ಕತ್ತರಿಸಿದ ಅಂಚನ್ನು ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ, ಅದುಮಿ ಬಿಟ್ಟರೆ ಚುರುಕಾಗಿ ಮೇಲೇಳುವುದಿಲ್ಲ.

ಸಾಮಾನ್ಯ ಫೋಮಿಗೂ ಎಚ್‌ಆರ್‌ಗೂ ಇರುವ ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಆಸನದ ಮುಂದಿನ ಅಂಚಿನಲ್ಲಿ. ಏಳುವಾಗ ನಾವೆಲ್ಲ ಮುಂದಕ್ಕೆ ಜರುಗಿ, ಪೂರ್ತಿ ಭಾರವನ್ನು ಆ ಅಂಚಿನ ಮೇಲೆ ಹಾಕಿಯೇ ಏಳುತ್ತೇವೆ. ಕಡಿಮೆ ಸಾಂದ್ರತೆಯ ಸಾಮಾನ್ಯ ಫೋಮ್ ಅಲ್ಲಿಯೇ ಮೊದಲು ಸೋತಿತು; ಬಟ್ಟೆ ಸಡಿಲವಾಗಿ ಅಡ್ಡಡ್ಡ ಸುಕ್ಕುಗಟ್ಟಿತು. ಗವಸು ಬಿಚ್ಚಿ ಅಳತೆಪಟ್ಟಿ ಇಟ್ಟರೆ ದಪ್ಪ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದದ್ದು ಭಾರವನ್ನು ತಡೆಯುವ ಶಕ್ತಿ. ಒಳಗಿನ ಸಣ್ಣ ಕೋಶಗಳ ಎಳೆಗಳು ದಣಿದು ಮುರಿದಾಗ ಫೋಮ್ ನೋಡಲು ಸರಿಯಾಗಿಯೇ ಇರುತ್ತದೆ, ಕುಳಿತರೆ ಹಲಗೆ ತಾಗುತ್ತದೆ.

ಎಚ್‌ಆರ್‌ನ ಕೋಶಗಳು ಒಂದೇ ಗಾತ್ರದವಲ್ಲ, ಹಿರಿದು ಕಿರಿದು ಬೆರೆತಿರುತ್ತವೆ. ಹಾಗಾಗಿ ಅದು ಮೊದಲು ಮೆತ್ತಗೆ ಇಳಿಯುತ್ತದೆ, ಇಳಿದಷ್ಟೂ ಹೆಚ್ಚು ಎದುರೊತ್ತುತ್ತದೆ. ಇದಕ್ಕೊಂದು ಅಂಕಿಯೂ ಇದೆ: ಶೇ 65ರಷ್ಟು ಅದುಮಲು ಬೇಕಾದ ಬಲವನ್ನು ಶೇ 25ಕ್ಕೆ ಬೇಕಾದ ಬಲದಿಂದ ಭಾಗಿಸಬೇಕು. ಸಾಮಾನ್ಯ ಫೋಮಿನಲ್ಲಿ ಇದು 2ರ ಆಸುಪಾಸು, ಒಳ್ಳೆಯ ಎಚ್‌ಆರ್‌ನಲ್ಲಿ 2.4ಕ್ಕೂ ಹೆಚ್ಚು. ಹಗುರ ಮೈಯವರಿಗೆ ಮೆತ್ತಗೆ, ಭಾರದ ಮೈಯವರಿಗೂ ಆಸರೆ. ಈ ಎರಡನ್ನೂ ಒಂದೇ ಕುಶನ್‌ನಲ್ಲಿ ಕೊಟ್ಟದ್ದು ಎಚ್‌ಆರ್ ಮತ್ತು ಲೇಟೆಕ್ಸ್ ಮಾತ್ರ.

ಲೇಟೆಕ್ಸ್ ಮೇಲೆ ಕುಳಿತ ಸುಖವೇ ಬೇರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಒತ್ತಿದ ಕ್ಷಣದಲ್ಲೇ ಪುಟಿದು ಮರಳುತ್ತದೆ, ಒಳಗಿನ ರಂಧ್ರಗಳಲ್ಲಿ ಗಾಳಿಯಾಡುವುದರಿಂದ ಬೆವರು ಕಡಿಮೆ. ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು. ಬಿಸಿಲು ಬಿದ್ದರೆ ಹಳದಿಯಾಗಿ, ಒಣಗಿ, ಪುಡಿಪುಡಿಯಾಗಿ ಉದುರುತ್ತದೆ. ಕಿಟಕಿಯ ಪಕ್ಕದ ಆಸನಕ್ಕೆ ನಾನು ಅದನ್ನು ಹಾಕಿಸುವುದಿಲ್ಲ. ಎಲ್ಲಿ ಹಾಕಿಸಿದರೂ ಒತ್ತಾಗಿ ನೇಯ್ದ ಬಟ್ಟೆಯ ಒಳಗವಸು ಬೇಕೇ ಬೇಕು. ಮನೆಯಲ್ಲಿ ಲೇಟೆಕ್ಸ್ ಅಲರ್ಜಿ ಇರುವವರಿದ್ದರೆ ಆ ಕಡೆ ನೋಡುವುದೇ ಬೇಡ.

ಮೆಮೊರಿ ಫೋಮ್ 1960ರ ದಶಕದಲ್ಲಿ ನಾಸಾದ ಸಂಶೋಧನೆಯಿಂದ, ವಿಮಾನದ ಆಸನಗಳಿಗೆಂದೇ ಹುಟ್ಟಿಕೊಂಡದ್ದು. ಆದರೂ ಸೋಫಾಕ್ಕೆ ಪೂರ್ತಿ ದಪ್ಪದಲ್ಲಿ ಅದು ಒಗ್ಗುವುದಿಲ್ಲ. ನಿಧಾನವಾಗಿ ಹೂತುಕೊಂಡು ಅಲ್ಲೇ ಹಿಡಿದಿಡುತ್ತದೆ. ಮಂಡಿ ನೋವಿರುವ ಹಿರಿಯರಿಗೆ ಏಳುವುದೇ ಕಷ್ಟ. ಚಳಿಯಲ್ಲಿ ಬಿರುಸಾಗುತ್ತದೆ, ಸೆಕೆಯಲ್ಲಿ ಮೈ ಬಿಸಿಯೇರಿಸುತ್ತದೆ. ಎಚ್‌ಆರ್ ಮೇಲೆ ಎರಡು ಮೂರು ಸೆಂ.ಮೀ. ಪದರವಾಗಿ ಅಂಟಿಸಿದರೆ ಮಾತ್ರ ಸೊಗಸು.

ರಿಬಾಂಡೆಡ್ ಎಂದರೆ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಬಣ್ಣಬಣ್ಣದ ಗಟ್ಟಿ. ಸಾಂದ್ರತೆ 80, 100 ಎಂದು ಕೇಳಿ ಮರುಳಾಗಬೇಡಿ; ಅದನ್ನು ಎಚ್‌ಆರ್‌ನ 40ರ ಜೊತೆ ಹೋಲಿಸುವಂತಿಲ್ಲ. ಕುಸಿಯುವುದಿಲ್ಲ ನಿಜ, ಆದರೆ ಪುಟಿತವೇ ಇಲ್ಲ, ಸ್ವಲ್ಪ ಹೊತ್ತಿಗೇ ಬಾಲಮೂಳೆ ನೋಯುತ್ತದೆ. ಊಟದ ಕುರ್ಚಿಯ ತೆಳು ಆಸನದಲ್ಲಿ ಕೆಳಪದರವಾಗಿ ಚೆನ್ನಾಗಿ ದುಡಿಯುತ್ತದೆ.

ದಿನವೂ ಕೂರುವ ಸೋಫಾಕ್ಕೆ ನನ್ನ ಆಯ್ಕೆ 40ರ ಸಾಂದ್ರತೆಯ, ಮಧ್ಯಮ ಗಡಸಿನ ಎಚ್‌ಆರ್. ಕೆಳಗೆ ಹಲಗೆ ಇದ್ದರೆ 10 ಸೆಂ.ಮೀ.ಗಿಂತ ಕಡಿಮೆ ಬೇಡವೇ ಬೇಡ. ಸ್ಪ್ರಿಂಗ್ ಅಥವಾ ಎಲಾಸ್ಟಿಕ್ ಪಟ್ಟಿ ಇದ್ದರೆ ಭಾರದ ಒಂದು ಪಾಲನ್ನು ಅವೂ ಹೊರುವುದರಿಂದ ತುಸು ತೆಳ್ಳಗಿದ್ದರೂ ನಡೆಯುತ್ತದೆ. ಗವಸಿಗಿಂತ ಒಂದೆರಡು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಸುತ್ತ ಪಾಲಿಯೆಸ್ಟರ್ ಹತ್ತಿಯ ಪದರ ಹೊದಿಸಿದರೆ ಮೂಲೆಗಳು ತುಂಬಿಕೊಂಡು ನಿಲ್ಲುತ್ತವೆ. ಅತಿಥಿಗಳಷ್ಟೇ ಕೂರುವ ಕೋಣೆಗೆ 32ರ ಸಾಮಾನ್ಯ ಫೋಮ್ ಧಾರಾಳವಾಗಿ ಸಾಕು. ಬೆನ್ನಿನ ಮೆತ್ತೆಗೂ ಎಚ್‌ಆರ್ ಹಾಕಿಸಿ ಹಣ ಸುರಿಯಬೇಡಿ. ಅಲ್ಲಿ ಬೀಳುವ ಭಾರ ಕಡಿಮೆ; 20–24ರ ಮೆದು ಫೋಮ್ ಬೆನ್ನಿಗೆ ಹೆಚ್ಚು ಹಿತ.