ಸಿಗ್ನಲ್ ತಡೆಯುವ ಕೀ ಚೀಲ: ಬಹುಕಾಲ ಬಳಸಿದ ಮೇಲೆ

ಹೊಲಿಗೆ ಗಟ್ಟಿ, ಚರ್ಮ ಮೃದು, ಒಳಪದರ ಮಾತ್ರ ಬಾಳಿಕೆಗೆ ಬರುವುದಿಲ್ಲ. ಸ್ಮಾರ್ಟ್ ಕೀ ಇಡುವ ಈ ಎರಡು ಖಾನೆಯ ಚೀಲದ ಬಗ್ಗೆ ನನ್ನ ತಕರಾರು ಇದೊಂದೇ. ಆದರೆ ಜನ ಈ ಚೀಲ ಕೊಳ್ಳುವುದೇ ಆ ಒಳಪದರಕ್ಕಾಗಿ. ಅಳತೆ, ತೂಕ, ಬಣ್ಣಗಳೆಲ್ಲ ಪೊಟ್ಟಣದ ಮೇಲೆಯೇ ಇವೆ, ಅವನ್ನು ಬಿಡುತ್ತೇನೆ.

ಕೊಂಡ ಕಾರಣ ಕಳ್ಳತನದ ಭಯ. ಕೀಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆಯುವ ಕಾರುಗಳಲ್ಲಿ, ಹಿಡಿಗೆ ಕೈ ತಾಗಿದ ಕೂಡಲೇ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಕಡಿಮೆ ಆವರ್ತನದಲ್ಲಿ ಕೀಯನ್ನು ಕೂಗುತ್ತದೆ. ಆ ಕೂಗು ಒಂದೆರಡು ಮೀಟರಿನಾಚೆ ಕೇಳಿಸದು. ಕೇಳಿಸಿಕೊಂಡ ಕೀ 433 ಮೆಗಾಹರ್ಟ್ಸ್‌ನಲ್ಲಿ, ಕೆಲವು ದೇಶಗಳಲ್ಲಿ 315ರಲ್ಲಿ, ಉತ್ತರ ಕೊಡುತ್ತದೆ. ಕಳ್ಳರು ಇಬ್ಬರಿದ್ದರೆ ಸಾಕು: ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಹೊರಗೆ. ಕಾರಿನ ಕೂಗನ್ನು ಒಳಗಿರುವ ಕೀಗೆ ದಾಟಿಸಿದರೆ, ಮಾಲೀಕರೇ ಬಂದು ನಿಂತಿದ್ದಾರೆಂದು ಕಾರು ನಂಬಿಬಿಡುತ್ತದೆ. ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ ಎಂಟು ಕಂಪನಿಗಳ ಹತ್ತು ಮಾದರಿಗಳನ್ನು ಪರೀಕ್ಷಿಸಿ, ಹತ್ತರಲ್ಲೂ ಇದು ಸಾಧ್ಯವೆಂದು ತೋರಿಸಿದ್ದರು. ಅಲುಗಾಡದೆ ಬಿದ್ದಿದ್ದರೆ ತಾನಾಗಿ ನಿದ್ದೆಹೋಗುವ ಕೀಗಳು ಈಚೆಗೆ ಬಂದಿವೆ. ನನ್ನದು ಅಂಥದ್ದಲ್ಲ, ಕಾರು ಬದಲಿಸುವ ಶಕ್ತಿಯೂ ಸದ್ಯಕ್ಕಿಲ್ಲ.

ಚೀಲದ ಹೊರ ಖಾನೆ ಸಾದಾ ಚರ್ಮದ್ದು, ಸಿಗ್ನಲ್ಲಿಗೆ ಅಡ್ಡಿಯಿಲ್ಲ. ಒಳ ಖಾನೆಗೆ ಲೋಹ ಲೇಪಿಸಿದ ಬಟ್ಟೆಯ ಅಸ್ತರಿ ಇದೆ. ಹಗಲು ಹೊರಗೆ, ರಾತ್ರಿ ಒಳಗೆ. ಈ ಹೊರ ಖಾನೆ ಕೊಟ್ಟ ಸುಖವನ್ನು ನಾನು ನಿರೀಕ್ಷಿಸಿರಲಿಲ್ಲ. ಮುಂಚೆ ಕೀಯನ್ನು ಪ್ಯಾಂಟಿನ ಮುಂದಿನ ಜೇಬಿಗೆ ಹಾಗೆಯೇ ಇಳಿಬಿಡುತ್ತಿದ್ದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ತೊಡೆಯ ಒತ್ತಡಕ್ಕೆ ಗುಂಡಿ ಅದುಮಿ ಹೋಗಿ ಡಿಕ್ಕಿ ತೆರೆದುಕೊಳ್ಳುತ್ತಿತ್ತು, ಇಲ್ಲವೇ ಹಾರ್ನ್ ಬಡಿದುಕೊಳ್ಳುತ್ತಿತ್ತು. ಅದೇ ಜೇಬಿನಲ್ಲಿ ಮೊಬೈಲ್ ಇದ್ದರೆ ಕೀ ಸಿಗುತ್ತಿಲ್ಲವೆಂದು ಕಾರು ಹೇಳುವುದೂ ಇತ್ತು. ಸೊಂಟದ ಪಟ್ಟಿಗೆ ಸಿಕ್ಕಿಸುವ ಕೊಕ್ಕೆಯನ್ನೂ ಬಳಸಿ ನೋಡಿದ್ದೇನೆ. ಕೂತೆದ್ದಾಗಲೆಲ್ಲ ಕುರ್ಚಿಯ ಕೈಗೆ ಕೀ ತಾಗಿ ಅದರ ಪ್ಲಾಸ್ಟಿಕ್ಕಿನ ಮೇಲೆಲ್ಲ ಗೀರು. ಕೊರಳಿಗೆ ತೂಗುಹಾಕಿಕೊಳ್ಳುವ ದಾರ ನನಗೆ ಒಗ್ಗುವುದೇ ಇಲ್ಲ.

ಚೀಲ ಬಂದ ಮೇಲೆ ಕೀ ಗೊಂಚಲಿನಿಂದಲೂ ಬಿಡುಗಡೆಯಾಯಿತು. ಮನೆಯ ಬೀಗದ ಕೈಗಳು ಬೇರೆ ಬಳೆಯಲ್ಲಿ, ಕಾರಿನದು ಒಂಟಿಯಾಗಿ. ಕೀ ತಿರುವಿ ಚಾಲೂ ಮಾಡುವ ಕಾರು ಇಟ್ಟುಕೊಂಡವರಿಗೂ ಇದನ್ನೇ ಹೇಳುತ್ತೇನೆ. ಜನರಲ್ ಮೋಟಾರ್ಸ್ 2014ರಲ್ಲಿ ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಂಡಾಗ, ದುರಸ್ತಿಯಾಗುವ ತನಕ ಗೊಂಚಲಿನಿಂದ ಉಳಿದೆಲ್ಲವನ್ನೂ ಕಳಚಿ ಕೀಯೊಂದನ್ನೇ ಬಳಸಿ ಎಂದು ಮಾಲೀಕರಿಗೆ ಸೂಚಿಸಿತ್ತು. ಗೊಂಚಲಿನ ಭಾರಕ್ಕೇ ಸ್ವಿಚ್ ಜಾರಿ, ಓಡುತ್ತಿರುವ ಕಾರಿನ ಎಂಜಿನ್ ನಿಂತುಹೋಗಬಹುದಿತ್ತು.

ಸಂಜೆಯ ಕೆಲಸ ನನಗೆ ಬಹಳ ಇಷ್ಟ. ಬಾಗಿಲು ದಾಟಿ ಒಳಗೆ ಬಂದು, ಹೆಬ್ಬೆರಳಿನಿಂದ ಕೀಯನ್ನು ಹೊರ ಖಾನೆಯ ತಳದಿಂದ ಮೇಲಕ್ಕೆ ತಳ್ಳುತ್ತೇನೆ. ಆ ಬೆರಳು ಓಡಾಡಿದ ಜಾಗದಲ್ಲಿ ಚರ್ಮ ಕಪ್ಪಾಗಿ, ನುಣುಪಾಗಿ ಹೊಳೆಯುತ್ತದೆ. ಕೀ ಒಳ ಖಾನೆಗೆ ಇಳಿಯುವಾಗ ಅಸ್ತರಿ ಸರಸರ ಎನ್ನುತ್ತದೆ. ಬಾಯಿಯನ್ನು ಎರಡು ಸಲ ಮಡಚಿ ಗುಂಡಿ ಒತ್ತಿದರೆ ಟಕ್ಕೆಂಬ ಒಂದು ಸದ್ದು. ಅಲ್ಲಿಗೆ ದಿನದ ಓಡಾಟ ಮುಗಿದಂತೆ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಹೊಸದರಲ್ಲಿ ಕೊಟ್ಟೂ ಇರುತ್ತಿದ್ದೆ.

ಒಂದು ರಾತ್ರಿ ಕಾರಿನಲ್ಲಿ ಬಿಟ್ಟಿದ್ದ ಕನ್ನಡಕ ತರಲು ಹೋದೆ. ಕೀ ಒಳ ಖಾನೆಯಲ್ಲೇ ಇತ್ತು, ಗುಂಡಿ ಹಾಕಿದ ಚೀಲ ಎಡಗೈಯಲ್ಲಿತ್ತು. ಚೀಲ ಬಿಚ್ಚುವ ಮೊದಲೇ ಬಲಗೈ ಬಾಗಿಲ ಹಿಡಿಗೆ ತಾಗಿತು. ಬಾಗಿಲು ತೆರೆಯಿತು. ದೀಪದ ಕೆಳಗೆ ಅಸ್ತರಿಯನ್ನು ಹೊರಳಿಸಿ ನೋಡಿದೆ. ದಿನಾ ಮಡಚುವ ಜಾಗದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ. ಲೇಪ ಬಿರಿದು ಅಡಿಯ ನೂಲು ಕಾಣುತ್ತಿತ್ತು, ಒರೆಸಿದ ಬೆರಳಿಗೆ ಪತಂಗದ ರೆಕ್ಕೆ ಮುಟ್ಟಿದಂತೆ ಬೆಳ್ಳಿಯ ಪುಡಿ ಹತ್ತಿತು.

ಒಂದು ಬಿರುಕಿಗೆ ಇಷ್ಟು ಬೆಲೆ ತೆರಬೇಕಾಗುವುದಕ್ಕೆ ಕಾರಣವಿದೆ. ಕಾರಿನ ಕಡಿಮೆ ಆವರ್ತನದ ಕೂಗು ಇಂಥ ತೆಳು ಲೇಪವನ್ನು ಬಹುಪಾಲು ದಾಟಿಯೇ ಬರುತ್ತದೆ. ಚೀಲ ತಡೆಯುವುದು ಮುಖ್ಯವಾಗಿ ಕೀಯ ಉತ್ತರವನ್ನು. ಒಳಗಿರುವ ಕೀ ಎಚ್ಚೆತ್ತು ಮಾತಾಡುತ್ತಲೇ ಇರುತ್ತದೆ, ಆ ಮಾತು ಹೊರಗೆ ಹೋಗಬಾರದು ಅಷ್ಟೆ. ಮಡಿಕೆಯಲ್ಲಿ ಉದ್ದನೆಯ ಸೀಳು ಬಿದ್ದರೆ ಅದು ಸೋರುತ್ತದೆ. ಈ ಚೀಲದಿಂದ ಕೀಯ ಸೆಲ್ ಹೆಚ್ಚು ಕಾಲ ಬರುತ್ತದೆ ಎಂಬ ಮಾತನ್ನೂ ಇದೇ ಕಾರಣಕ್ಕೆ ನಾನು ನೆಚ್ಚುವುದಿಲ್ಲ.

ನನಗೆ ಸಿಟ್ಟು ಬಂದದ್ದು ಸವೆದದ್ದಕ್ಕಲ್ಲ. ಮಡಚಿದ್ದು ಸವೆಯುತ್ತದೆ. ಸವೆಯುತ್ತದೆಂದು ಪೊಟ್ಟಣದ ಮೇಲೆ ಎಲ್ಲಿಯೂ ಬರೆದಿಲ್ಲ, ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ. ಚರ್ಮ ಹೊಸದರಂತೆಯೇ ಇದೆ, ಗುಂಡಿ ಹೊಸದರಂತೆಯೇ ಟಕ್ಕೆನ್ನುತ್ತದೆ. ಕಾವಲಿದೆ ಎಂದು ನಂಬಿ ಮಲಗುವವರಿಗೆ ಇದು ಮೋಸ. ಮಾರಿದವರನ್ನು ಕೇಳಿದೆ. ಹೊಲಿಗೆ ಬಿಟ್ಟರೆ ಬದಲಿಸಿಕೊಡುತ್ತೇವೆ, ಅಸ್ತರಿಯ ಸವೆತಕ್ಕೆ ಖಾತರಿಯಿಲ್ಲ ಎಂದರು. ಚೀಲದ ಕೆಲಸವನ್ನೆಲ್ಲ ಮಾಡುವ ಭಾಗಕ್ಕೇ ಖಾತರಿಯಿಲ್ಲ!

ಹೀಗಾಗಿ, ಈ ಬಗೆಯ ಯಾವ ಚೀಲವಿದ್ದರೂ ಆಗಾಗ ಪರೀಕ್ಷಿಸಿ. ಎರಡನೆಯ ಕೀಯನ್ನು ದೂರ ಇಡಿ. ಕಾರಿಗೆ ಬೀಗ ಹಾಕಿ, ಕೀ ಇರುವ ಚೀಲವನ್ನು ಬಾಗಿಲ ಹಿಡಿಯ ಪಕ್ಕದಲ್ಲೇ ಹಿಡಿದು ತೆರೆಯಲು ನೋಡಿ. ಚೀಲವನ್ನು ತಲೆಕೆಳಗು ಮಾಡಿ, ಮಗ್ಗುಲು ತಿರುಗಿಸಿ ಮತ್ತೆ ನೋಡಿ. ನನ್ನದು ಅಡ್ಡ ಹಿಡಿದಾಗ ಸುಮ್ಮನಿರುತ್ತದೆ, ನೆಟ್ಟಗೆ ಹಿಡಿದರೆ ಸೋರುತ್ತದೆ. ಚೀಲವನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಪರೀಕ್ಷಿಸಬೇಡಿ. ಸೆಲ್ ಸತ್ತಾಗಲೂ ಗಾಡಿ ಚಾಲೂ ಆಗಲೆಂದು ಅಷ್ಟು ಹತ್ತಿರದಲ್ಲಿ ಕೆಲಸ ಮಾಡುವ ಬೇರೆಯೇ ಏರ್ಪಾಡು ಅನೇಕ ಕಾರುಗಳಲ್ಲಿದೆ, ಅದರಿಂದ ಚೀಲದ ಗುಣ ತಿಳಿಯುವುದಿಲ್ಲ. ಕೆಲವು ಕಾರುಗಳಲ್ಲಿ ಕೀಲಿರಹಿತ ಪ್ರವೇಶವನ್ನೇ ನಿಲ್ಲಿಸಿಡುವ ಆಯ್ಕೆ ಇರುತ್ತದೆ. ಕೈಪಿಡಿಯಲ್ಲಿ ಅದನ್ನು ಮೊದಲು ಹುಡುಕಿ, ಖರ್ಚೇ ಇಲ್ಲದ ಉಪಾಯ.

ಈಗ ರಾತ್ರಿ ಎರಡು ಕೀಗಳೂ ಬಿಗಿ ಮುಚ್ಚಳದ ತಗಡಿನ ಡಬ್ಬಿಯೊಳಗೆ ಮಲಗುತ್ತವೆ. ಸಡಿಲ ಮುಚ್ಚಳದ ಡಬ್ಬಿ ಇದೇ ಪರೀಕ್ಷೆಯಲ್ಲಿ ಸೋತಿತು, ಇದು ಗೆದ್ದಿದೆ. ಡಬ್ಬಿಯಲ್ಲಿ ಮಡಿಕೆಯಿಲ್ಲ, ಬಿರಿಯುವ ಭಯವಿಲ್ಲ. ಹಾಗೆಂದು ಚೀಲವನ್ನು ಮೂಲೆಗೆ ಹಾಕಿಲ್ಲ. ಹಗಲಿನಲ್ಲಿ ಹೊರ ಖಾನೆಯ ಸುಖ ಬಿಡಲು ಮನಸ್ಸಿಲ್ಲ. ಪ್ರವಾಸಕ್ಕೆ ಡಬ್ಬಿ ಹೊತ್ತುಕೊಂಡು ಹೋಗುವುದೂ ಆಗದ ಮಾತು, ಅದಕ್ಕಾಗಿ ಇದೇ ಬಗೆಯ ಇನ್ನೊಂದು ಹೊಸ ಚೀಲ ತೆಗೆದಿರಿಸಿದ್ದೇನೆ. ಹೊರಡುವ ಮುನ್ನ ಪ್ರತಿ ಸಲ ಬಾಗಿಲ ಹಿಡಿಯ ಪಕ್ಕ ಹಿಡಿದು ನೋಡುತ್ತೇನೆ.

ಐದರಲ್ಲಿ ಮೂರು ನಕ್ಷತ್ರ. ಅಸ್ತರಿಯನ್ನು ಬಿಡಿಯಾಗಿ ಮಾರಿ, ನಾವೇ ಬದಲಿಸಿಕೊಳ್ಳುವಂತೆ ಮಾಡಿದ ದಿನ ನಾಲ್ಕೂವರೆ ಕೊಡುತ್ತೇನೆ.