ಆರ್ಕಿ, ಡ್ರಾಯಿಂಗ್ ಟೂಲ್, ದುಡ್ಡು ಕೊಟ್ಟು ಕೊಳ್ಳುವ ಟೂಲ್: ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಆರ್ಕಿಗೆ. ಕಂಪನಿಯ ಕೆಲಸ, ಸಾಫ್ಟ್‌ವೇರ್, ಸರ್ವರ್‌ಗಳ ನಂಟನ್ನು ಚಿತ್ರವಾಗಿ ಬರೆದಿಡುವ ಫ್ರೀ ಟೂಲ್ ಅದು.

ಕಂಪನಿಯ ಯಾವ ಕೆಲಸ ಯಾವ ಸಾಫ್ಟ್‌ವೇರ್ ಮೇಲೆ ನಿಂತಿದೆ, ಅದು ಯಾವ ಸರ್ವರ್‌ನಲ್ಲಿದೆ ಅಂತ ಬರೆದಿಡುವುದು ನನ್ನ ಕೆಲಸ. ಎರಡು ವರ್ಷ ಅದನ್ನು ಡಬ್ಬಿ, ಬಾಣ ಎಳೆಯುವ ಮಾಮೂಲಿ ಡ್ರಾಯಿಂಗ್ ಟೂಲ್‌ನಲ್ಲೇ ಮಾಡಿದೆ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು.

ಆಮೇಲೆ ಒಂದು ಹಳೇ ಡೇಟಾಬೇಸ್ ಸರ್ವರ್ ತೆಗೆಯಬೇಕಾಯಿತು. ಅದನ್ನು ಯಾವ ಯಾವ ಸಾಫ್ಟ್‌ವೇರ್ ಬಳಸುತ್ತಿದೆ? ಸುಮಾರು 40 ಫೈಲು ಒಂದೊಂದಾಗಿ ತೆರೆದು ಹುಡುಕಿದೆ. ಒಂದರಲ್ಲಿ ಅದರ ಹೆಸರು 'ಬಿಲ್ಲಿಂಗ್ ಡಿಬಿ', ಇನ್ನೊಂದರಲ್ಲಿ 'ಹಳೇ ಡಿಬಿ', ಮತ್ತೊಂದರಲ್ಲಿ ಹೆಸರೇ ಇಲ್ಲದೆ ಸುಮ್ನೆ ಡೇಟಾಬೇಸ್ ಗುರುತಿನ ಒಂದು ಸಿಲಿಂಡರ್. ಮೂರನ್ನೂ ಬಿಡಿಸಿದವನು ನಾನೇ! ಆ ಸಿಲಿಂಡರ್ ಕಣ್ಣಿಗೆ ಬೀಳಲೇ ಇಲ್ಲ. ಶನಿವಾರ ರಾತ್ರಿ ಸರ್ವರ್ ಆಫ್ ಮಾಡಿದೆವು, ಸೋಮವಾರ ಬೆಳಿಗ್ಗೆ ಗೋಡೌನಿನಲ್ಲಿ ಡೆಲಿವರಿ ಚಲನ್ ಪ್ರಿಂಟ್ ಆಗಲಿಲ್ಲ, ಗೇಟಿನ ಹೊರಗೆ ಲಾರಿಗಳು ಸಾಲಾಗಿ ನಿಂತವು, ನನ್ನ ಫೋನು ಮಾತ್ರ ನಿಲ್ಲಲಿಲ್ಲ.

ಆರ್ಕಿಯಲ್ಲಿ ಸರ್ವರನ್ನು ಒಂದೇ ಸಲ ಸೇರಿಸುವುದು. ಅದನ್ನೇ ಎಷ್ಟು ಚಿತ್ರಗಳಿಗೆ ಬೇಕೋ ಅಷ್ಟಕ್ಕೆ ಎಳೆದು ತರಬಹುದು, ಒಂದು ಕಡೆ ಹೆಸರು ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಅನಾಲಿಸಿಸ್ ಟ್ಯಾಬ್ ತೆರೆದರೆ ಅದು ಯಾವ ಚಿತ್ರಗಳಲ್ಲಿದೆ, ಯಾವುದಕ್ಕೆಲ್ಲ ನಂಟಿದೆ ಅಂತ ಪಟ್ಟಿ ಸಿಗುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ.

ಕಿರಿಕಿರಿ ಇದಕ್ಕೂ ಇದೆ. ಎಡಗಡೆಯ ಮಾಡೆಲ್ ಪಟ್ಟಿಯಿಂದ (ಈಗಾಗಲೇ ಸೇರಿಸಿದ್ದೆಲ್ಲ ಅಲ್ಲಿರುತ್ತದೆ) ಎಳೆಯದೆ ಹೊಸ ಡಬ್ಬಿಗಳ ಪ್ಯಾಲೆಟ್‌ನಿಂದ ಅದೇ ಹೆಸರಲ್ಲಿ ಹೊಸದೊಂದನ್ನು ಇಟ್ಟರೆ ಮತ್ತೆ ಎರಡು ಸರ್ವರ್, ಮತ್ತೆ ಹಳೇ ಕಥೆ. ಚಿತ್ರದಲ್ಲಿ ಡಿಲೀಟ್ ಒತ್ತಿದರೂ ಮಾಡೆಲ್‌ನಲ್ಲಿ ಉಳಿದಿರುತ್ತದೆ. ಅದಕ್ಕೇ ಆಗಾಗ ಇಂಥ ತಪ್ಪು ಹುಡುಕಿಕೊಡುವ ವ್ಯಾಲಿಡೇಟರ್ ಓಡಿಸುತ್ತೇನೆ. ಆರ್ಕಿಯ ಚಿತ್ರಗಳಿಗೆ ಬಳಸುವ, ಓಪನ್ ಗ್ರೂಪ್ ಅನ್ನುವ ಸಂಸ್ಥೆಯ ಆರ್ಕಿಮೇಟ್ ಎಂಬ ಚಿತ್ರಭಾಷೆಯನ್ನೂ ಸ್ವಲ್ಪ ಕಲಿಯಬೇಕು. ವ್ಯವಹಾರಕ್ಕೆ ಹಳದಿ, ಸಾಫ್ಟ್‌ವೇರ್‌ಗೆ ನೀಲಿ, ಸರ್ವರ್‌ಗಳಿಗೆ ಹಸಿರು. ಡಬ್ಬಿಗಳ ನಡುವೆ ಎಳೆಯುವ ಸಂಬಂಧಗಳು 11 ಬಗೆ, ನಾನು ಜಾಸ್ತಿ ಬಳಸುವುದು ನಾಲ್ಕು.

ಇದೇ ಕೆಲಸಕ್ಕೆ ದುಡ್ಡು ಕೊಟ್ಟು ಕೊಳ್ಳುವ ಟೂಲ್ ಒಂದನ್ನೂ ಟ್ರಯಲ್ ನೋಡಿದೆ. ಐದಾರು ಜನ ಒಟ್ಟಿಗೆ ತಿದ್ದುವುದಾದರೆ ಅದೇ ವಾಸಿ. ಆರ್ಕಿಯ ಮಾಡೆಲ್ ಒಂದೇ ಫೈಲು, ಹಂಚಿಕೊಳ್ಳಲು ಕೋಆರ್ಕಿ ಪ್ಲಗಿನ್ ಇದೆ, ಅದಕ್ಕೆ ಗಿಟ್ (ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಗೊತ್ತಿರಬೇಕು. ನಮ್ಮಲ್ಲಿ ತಿದ್ದುವವನು ನಾನೊಬ್ಬನೇ. ಕೊಟೇಶನ್ ನೋಡಿದ ಬಾಸ್ ಕೇಳಿದ್ದು ಒಂದೇ ಮಾತು: "ಫ್ರೀಯಾಗಿ ಸಿಗೋದು ಯಾವುದೂ ಇಲ್ವೇನ್ರೀ?"

ಈಗ ಆರ್ಕಿಯಿಂದ ಎಚ್‌ಟಿಎಂಎಲ್ ರಿಪೋರ್ಟ್ ತೆಗೆದು ಶೇರ್ ಫೋಲ್ಡರ್‌ಗೆ ಹಾಕುತ್ತೇನೆ. ಗೋಡೌನಿನವರೂ ಬ್ರೌಸರಿನಲ್ಲೇ ತೆರೆದು ನೋಡುತ್ತಾರೆ. ಹೋದ ವಾರ ನಾನು ತಪ್ಪಾಗಿ ಎಳೆದ ಬಾಣವೊಂದನ್ನು ಅವರೇ ಹಿಡಿದುಕೊಟ್ಟರು.