ಬಾಡಿಗೆ ಕಾರಿನ ಎಕ್ಸೆಸ್ ಪಾಲಿಸಿ: ಆರು ವರ್ಷ, ಎರಡು ಕ್ಲೇಮ್

ಕೆಲಸದ ಮೇಲೆ ಊರೂರು ಓಡಾಡುವವನು ನಾನು. ವರ್ಷಕ್ಕೆ ಏಳೆಂಟು ಸಲ ಬಾಡಿಗೆ ಕಾರು ತೆಗೆದುಕೊಳ್ಳುತ್ತೇನೆ. ಕೌಂಟರಿನಲ್ಲಿ ಅವರು ಮಾರುವ 'ಫುಲ್ ಕವರ್' ಬೇಡವೆಂದು ಬಿಟ್ಟು, ಹೊರಗಿನ ವಿಮಾ ಕಂಪನಿಯಿಂದ ವರ್ಷಪೂರ್ತಿಯ ಎಕ್ಸೆಸ್ ಪಾಲಿಸಿ ಮಾಡಿಸಲು ಶುರುಮಾಡಿ ಆರು ವರ್ಷವಾಯಿತು. ಇಷ್ಟರಲ್ಲಿ ಎರಡು ಕ್ಲೇಮ್ ಮಾಡಿದ್ದೇನೆ. ಒಂದು ಮೂರು ವಾರದಲ್ಲಿ ಮುಗಿಯಿತು, ಇನ್ನೊಂದಕ್ಕೆ ಏಳು ತಿಂಗಳು ಬೇಕಾಯಿತು.

ಮೊದಲು ಎಕ್ಸೆಸ್ ಎಂದರೇನೆಂದು ಹೇಳಿಬಿಡುತ್ತೇನೆ. ಕಾರಿಗೆ ಪೆಟ್ಟಾದರೆ, ಕವರ್ ಇದ್ದರೂ ನಮ್ಮ ಕೈಯಿಂದ ಹೋಗುವ ಮೊದಲ ಪಾಲು ಅದು. ಅಮೆರಿಕದಲ್ಲಿ ಡಿಡಕ್ಟಿಬಲ್ ಅನ್ನುತ್ತಾರೆ. ಹಲವು ಕಡೆ ಬಾಡಿಗೆಯ ಜೊತೆಗೇ ಬರುವ ಸಿಡಿಡಬ್ಲ್ಯುವನ್ನು (ಕೊಲಿಷನ್ ಡ್ಯಾಮೇಜ್ ವೇವರ್) ಎಲ್ಲರೂ ವಿಮೆ ಎಂದುಕೊಳ್ಳುತ್ತೇವೆ. ಆದರೆ 'ಇಂತಿಷ್ಟು ಮೊತ್ತಕ್ಕಿಂತ ಹೆಚ್ಚು ನಿಮ್ಮಿಂದ ಕೇಳುವುದಿಲ್ಲ' ಎಂದು ಬಾಡಿಗೆ ಕಂಪನಿ ಬರೆದುಕೊಡುವ ಒಪ್ಪಿಗೆ ಮಾತ್ರ ಅದು. ಆ ಇಂತಿಷ್ಟೇ ಎಕ್ಸೆಸ್. ಅಪಘಾತವಾದರೆ ಅದನ್ನು ಮೊದಲು ನಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ತಪ್ಪು ಯಾರದೆಂಬ ಮಾತು ಆಗ ಬರುವುದೇ ಇಲ್ಲ. ಇದು ನನಗೆ ಗೊತ್ತಾದದ್ದು ಗುದ್ದಿಸಿಕೊಂಡ ಮೇಲೆ. ಹೀಗೆ ಹೋದ ಎಕ್ಸೆಸ್ ಹಣವನ್ನು ನಮಗೆ ತುಂಬಿಕೊಡುವುದೇ ಎಕ್ಸೆಸ್ ಪಾಲಿಸಿಯ ಕೆಲಸ.

ಮೊದಲ ಕ್ಲೇಮ್ ಟೈರಿನದು. ಹಳ್ಳಕ್ಕೆ ಇಳಿದು ಪಕ್ಕ ಸೀಳಿಹೋಗಿತ್ತು. ಮಾಮೂಲಿ ಸಿಡಿಡಬ್ಲ್ಯುನಲ್ಲಿ ಸಾಮಾನ್ಯವಾಗಿ ಟೈರು, ಗಾಜು, ಕಾರಿನ ತಳಭಾಗ ಸೇರಿರುವುದಿಲ್ಲ. ನನ್ನ ಪಾಲಿಸಿಯಲ್ಲಿ ಸೇರಿತ್ತು. ಬಿಲ್ಲು ಕಳಿಸಿದೆ, ಹಣ ಬಂತು.

ಎರಡನೆಯದೇ ಪಾಠ ಕಲಿಸಿದ್ದು. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ವ್ಯಾನೊಂದು ಬಂದು ಗುದ್ದಿತು. ಬಂಪರಿನ ಎಡಮೂಲೆ ಕಳಚಿಕೊಂಡು ಬೆರಳು ತೂರುವಷ್ಟು ಸಂದಿಯಾಯಿತು, ಹಿಂದಿನ ಲೈಟಿನ ಕವರು ಸೀಳಿತು. ವ್ಯಾನಿನವರು ಅಲ್ಲೇ ತಪ್ಪೊಪ್ಪಿಕೊಂಡು ತಮ್ಮ ವಿಮೆಯ ವಿವರ ಬರೆದುಕೊಟ್ಟರು. ಪೊಲೀಸ್ ವರದಿಯೂ ಆಯಿತು. ಕಾರು ವಾಪಸ್ ಕೊಟ್ಟ ಎರಡನೇ ದಿನ ನನ್ನ ಕಾರ್ಡಿನಿಂದ ಪೂರ್ತಿ ಎಕ್ಸೆಸ್ ಹೋಗಿತ್ತು. ಲೆಕ್ಕ ಕೇಳಿದರೆ 'ಆಮೇಲೆ ಕಳಿಸುತ್ತೇವೆ' ಎಂದರು.

ಲೆಕ್ಕ ಬಂದದ್ದು ಎರಡು ತಿಂಗಳ ಮೇಲೆ, ಅದೂ ಬರೀ ಎಸ್ಟಿಮೇಟ್. ಬಂಪರ್, ಲೈಟು, ಪೇಂಟಿಂಗ್ ಇದ್ದವು, ಸರಿ. ಅವುಗಳ ಕೆಳಗೆ ಒಂಬತ್ತು ದಿನದ 'ಲಾಸ್ ಆಫ್ ಯೂಸ್' (ಕಾರು ರಿಪೇರಿಯಲ್ಲಿದ್ದಾಗ ತಪ್ಪಿದ ಬಾಡಿಗೆ), ಕಡತ ನೋಡಿದ್ದಕ್ಕೆ ಆಡಳಿತ ಶುಲ್ಕ, ಕೊನೆಗೆ ಬಲಗಡೆ ಹಿಂದಿನ ಬಾಗಿಲ ಗೀರು. ಹಿಂದಿನಿಂದ ಎಡಕ್ಕೆ ಗುದ್ದಿದರೆ ಬಲಬಾಗಿಲಿಗೆ ಗೀರು ಬೀಳುವುದು ಹೇಗೆ?

ನನಗೆ ಕಾರು ಕೊಡುವಾಗ ಅವರು ಕೊಟ್ಟಿದ್ದ ಹಾಳೆ ಹುಡುಕಿ ತೆಗೆದೆ. ಅದರಲ್ಲಿ ಕಾರಿನ ರೇಖಾಚಿತ್ರ ಇರುತ್ತದಲ್ಲ, ಅದೇ ಬಾಗಿಲ ಮೇಲೆ ಅವರ ಸಿಬ್ಬಂದಿಯೇ ಹಾಕಿದ್ದ ಸಣ್ಣ ಅಡ್ಡಗೀಟು. ಕಾರ್ಬನ್ ಪ್ರತಿಯಾದ್ದರಿಂದ ಮಾಸಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂತಿತ್ತು. ಪುಣ್ಯಕ್ಕೆ ಅವತ್ತು ತೆಗೆದಿದ್ದ ವಿಡಿಯೊ ಮೊಬೈಲಿನಲ್ಲಿತ್ತು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೀರಿನ ಪಕ್ಕ ನನ್ನ ಹೆಬ್ಬೆರಳು, ಹಿಂದೆ ನಂಬರ್ ಪ್ಲೇಟ್, ಜೊತೆಗೆ ತಾರೀಖು. ಎರಡನ್ನೂ ಕಳಿಸಿದ ಮೇಲೂ ಮೂರು ವಾರ ಉತ್ತರವಿಲ್ಲ.

ಇತ್ತ ವಿಮಾ ಕಂಪನಿ ಎಸ್ಟಿಮೇಟಿನ ಮೇಲೆ ಹಣ ಕೊಡುವುದಿಲ್ಲ ಎಂದಿತು. ಬಾಡಿಗೆ ಕರಾರು, ಕಾರ್ಡಿನಿಂದ ಹಣ ಹೋದ ದಾಖಲೆ, ಅಪಘಾತದ ವರದಿ, ಇವೆಲ್ಲ ನನ್ನ ಹತ್ತಿರ ಇದ್ದವು. ಅವರಿಗೆ ಬೇಕಿದ್ದದ್ದು ಗ್ಯಾರೇಜಿನ ಅಂತಿಮ ಬಿಲ್ಲು, ಅದು ಬಾಡಿಗೆ ಕಂಪನಿಯ ಕೈಯಲ್ಲಿ. ಮೂರು ತಿಂಗಳು ಇಬ್ಬರ ನಡುವೆ ಪತ್ರ ಹೊತ್ತುಕೊಂಡು ತಿರುಗಿದೆ. ಫೋನಿನಲ್ಲಿ ಎಷ್ಟು ಮಾತಾಡಿದರೂ ಉಪಯೋಗವಾಗಲಿಲ್ಲ, ಪ್ರತಿಸಲ ಹೊಸಬರು, ಪ್ರತಿಸಲ ಮೊದಲಿನಿಂದ ಕಥೆ.

ಕೆಲಸ ಆದದ್ದು ಬರವಣಿಗೆಯಿಂದ. ಇಂತಿಂಥ ತಾರೀಖಿನೊಳಗೆ ಅಂತಿಮ ಬಿಲ್ಲು ಕೊಡಿ, ಕಾರು ಗ್ಯಾರೇಜಿನಲ್ಲಿದ್ದ ದಿನಗಳ ದಾಖಲೆ ಕೊಡಿ, ಬಾಗಿಲ ಗೀರಿನ ಮೊತ್ತ ವಾಪಸ್ ಮಾಡಿ ಎಂದು ಒಂದೇ ಪತ್ರ ಬರೆದೆ. ಬಾಗಿಲಿನ ಮೊತ್ತಕ್ಕೆ ಮಾತ್ರ ಕಾರ್ಡಿನ ಬ್ಯಾಂಕಿನಲ್ಲಿ ತಕರಾರು ದಾಖಲಿಸಿದೆ. ಇಡೀ ಎಕ್ಸೆಸ್‌ಗೆ ತಕರಾರು ಹಾಕಿದ್ದರೆ ನ್ಯಾಯವಾದ ರಿಪೇರಿ ಖರ್ಚನ್ನೂ ನಿರಾಕರಿಸಿದಂತಾಗುತ್ತಿತ್ತು, ಅದಕ್ಕೆ ಮನಸ್ಸು ಬರಲಿಲ್ಲ. ಹನ್ನೊಂದನೇ ದಿನ ಬಿಲ್ಲು ಬಂತು. ಅದರಲ್ಲಿ ಕೂಲಿ ಬರೀ ಆರು ಗಂಟೆ! ಒಂಬತ್ತು ದಿನದ ನಷ್ಟ ಎರಡು ದಿನಕ್ಕಿಳಿಯಿತು, ಬಾಗಿಲು ಮಾಯವಾಯಿತು, ಹೆಚ್ಚಿಗೆ ಹಿಡಿದಿದ್ದ ಹಣ ಮರಳಿತು. ಉಳಿದದ್ದನ್ನು ವಿಮಾ ಕಂಪನಿ ಎಂಟು ದಿನದಲ್ಲಿ ಕೊಟ್ಟಿತು. ಆಡಳಿತ ಶುಲ್ಕ ಮಾತ್ರ ಕೊಡಲಿಲ್ಲ, ಅದು ಪಾಲಿಸಿಯಲ್ಲಿ ಇರಲಿಲ್ಲ. ಇಂಥ ಜಗಳಗಳಿಗಾಗಿ ಯುರೋಪಿನಲ್ಲಿ ಕಾರು ಬಾಡಿಗೆಯದೇ ಒಂದು ರಾಜಿ ಸೇವೆ ಇದೆ, ಬೇರೆ ದೇಶದಿಂದ ಹೋಗಿ ಕಾರು ಪಡೆದವರ ದೂರನ್ನು ಅದು ನೋಡುತ್ತದೆ. ಎಲ್ಲ ಕಡೆ ಅಂಥದ್ದು ಇಲ್ಲ, ಇರಬೇಕಿತ್ತು.

ಪಾಲಿಸಿಯ ಬಗ್ಗೆ ಹೇಳುವುದಾದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೌಂಟರಿನಲ್ಲಿ ದಿನದ ಲೆಕ್ಕದಲ್ಲಿ ಕೊಡುವುದಕ್ಕಿಂತ ನನಗೆ ಬಹಳ ಅಗ್ಗವಾಗಿದೆ. ಕಡಿಮೆಯಾದ ಒಂದು ಅಂಕ ಯಾಕೆಂದರೆ, ಮೊದಲು ನಮ್ಮ ಹಣ ಹೋಗಿ ಆಮೇಲೆ ಬರಬೇಕು. ಕಾರ್ಡಿನ ಮಿತಿ ಕಡಿಮೆ ಇರುವವರಿಗೆ, ಅಷ್ಟು ಹಣ ತಿಂಗಳುಗಟ್ಟಲೆ ಕಟ್ಟಿಹಾಕಲಾಗದವರಿಗೆ ಇದು ಕಷ್ಟ, ಅವರು ಕೌಂಟರಿನ ಕವರನ್ನೇ ಪಡೆಯುವುದು ಮೇಲು. ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದ್ದರೆ, ಕುಡಿದು ಓಡಿಸಿದ್ದರೆ ಎರಡೂ ಕೈಕೊಡುತ್ತವೆ ಎಂಬುದು ನೆನಪಿರಲಿ.

ವ್ಯಾನಿನವರ ವಿಮೆಯಿಂದ ಬಾಡಿಗೆ ಕಂಪನಿಗೆ ಪರಿಹಾರ ಬಂದ ಮೇಲೆ, ಹನ್ನೊಂದನೇ ತಿಂಗಳಲ್ಲಿ ನನ್ನ ಎಕ್ಸೆಸ್ ಮರಳಿ ಬಂತು. ವಿಮಾ ಕಂಪನಿಯಿಂದ ಅದನ್ನು ನಾನು ಆಗಲೇ ಪಡೆದಿದ್ದೆನಲ್ಲ, ಅವರ ಪಾಲನ್ನು ಅವತ್ತೇ ಕಳಿಸಿದೆ.